ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟು ಬೇರೆ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಬಹುದೇ?

ತುಮಕೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತೆಗೆದುಕೊಂಡು ಬಿ.ಎಸ್ಸಿ. ಎರಡನೆಯ ಸೆಮಿಸ್ಟರ್ ಓದುತ್ತಿದ್ದೀರಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಬೇಕೆಂಬ ಆಸೆ ನಿಮ್ಮದು. ಈವರೆಗಿನ ಕ್ರೆಡಿಟ್‌ಗಳು (ಪಾಸಾದ ಪತ್ರಿಕೆಗಳಿಗೆ ಸಿಗುವ ಮಾನಗಳು) ಅಲ್ಲಿಗೆ ಬರುತ್ತವೆಯೇ, ನೇರವಾಗಿ ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆಯೇ, ಒಂದು ವರ್ಷ ಹೋದರೆ ಮುಂದೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. ‘ಹೇಗೋ ಈ ಡಿಗ್ರಿ ಮುಗಿಸು, ಆಮೇಲೆ ನೋಡೋಣ’ ಎಂದು ನಿಮ್ಮ ತಂದೆಯವರು ಹೇಳುತ್ತಿರುವುದನ್ನೂ ಬರೆದಿದ್ದೀರಿ. ಮೈಸೂರಿಗೆ ಖಂಡಿತ ಸೇರಬಹುದು, ಆದರೆ ಮೊದಲನೆಯ ವರ್ಷಕ್ಕೆ. ನಾನು 2013ರಲ್ಲಿ ಇದೇ ದಾರಿಯಲ್ಲಿ ಬಂದವನು. ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ, ಪ್ರವೇಶ ಸಮಿತಿಯ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ಆದ್ದರಿಂದ ಮೇಜಿನ ಎರಡೂ ಬದಿಯಲ್ಲಿ ಕುಳಿತು ಕಂಡದ್ದನ್ನು ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯ ಬದಲಿಸುವುದು ಒಂದು ಕೆಲಸ, ವಿಷಯ ಬದಲಿಸುವುದು ಇನ್ನೊಂದು ಕೆಲಸ. ನಿಮ್ಮ ಪ್ರಶ್ನೆಯಲ್ಲಿ ಇವೆರಡೂ ಒಂದರೊಳಗೊಂದು ಸೇರಿಕೊಂಡಿವೆ. ಅದೇ ಮೂರು ವಿಷಯಗಳನ್ನು ಇಟ್ಟುಕೊಂಡು ತುಮಕೂರಿನಿಂದ ಮೈಸೂರಿಗೆ ಹೋಗುವುದಾದರೆ ಅದು ಕಾಗದಪತ್ರಗಳ ಕೆಲಸ. ಎರಡೂ ಕಾಲೇಜುಗಳ ನಿರಾಕ್ಷೇಪಣಾ ಪತ್ರ, ಎರಡೂ ಕಡೆಯ ಪಠ್ಯಕ್ರಮಗಳ ಹೋಲಿಕೆ, ಶುಲ್ಕ, ಹೋಗುವ ಕಡೆ ಖಾಲಿ ಸೀಟು, ಇಷ್ಟು ಕೂಡಿಬಂದರೆ ಮೂರನೆಯ ಸೆಮಿಸ್ಟರಿಗೆ ಸೇರುವುದು ಸಾಧ್ಯ. ವಿಷಯವೇ ಬದಲಾದಾಗ ಹೋಲಿಸಲು ಏನೂ ಉಳಿಯುವುದಿಲ್ಲ. ಮೂರನೆಯ ಸೆಮಿಸ್ಟರಿನ ಅರ್ಥಶಾಸ್ತ್ರದ ತರಗತಿಯಲ್ಲಿ ಕೂರಬೇಕಾದರೆ ಮೊದಲೆರಡು ಸೆಮಿಸ್ಟರಿನ ಅರ್ಥಶಾಸ್ತ್ರ ಓದಿ ಪಾಸಾಗಿರಬೇಕು, ಅದರ ಜೊತೆಗಿರುವ ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಕೂಡ ಅಷ್ಟೇ ಓದಿರಬೇಕು. ನಿಮ್ಮ ಬಳಿ ಇರುವುದು ರಸಾಯನಶಾಸ್ತ್ರದ ಪ್ರಾಯೋಗಿಕ ಅಂಕಗಳು.

ಕನ್ನಡ, ಇಂಗ್ಲಿಷ್ ಭಾಷಾ ಪತ್ರಿಕೆಗಳಾದರೂ ಉಳಿಯಬಹುದಲ್ಲ ಎಂದು ನಿಮಗೆ ಅನ್ನಿಸಬಹುದು, ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಭಾಷಾ ಪಠ್ಯವೇ ಬಿ.ಎ.ಗೆ ಒಂದು, ಬಿ.ಎಸ್ಸಿ.ಗೆ ಒಂದು, ಬಿ.ಕಾಂ.ಗೆ ಇನ್ನೊಂದು ಇರುವುದು ವಾಡಿಕೆ. ನಾನು ಹಳೆಯ ಅಂಕಪಟ್ಟಿಯನ್ನೂ ಕನ್ನಡ ಪಠ್ಯಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಪ್ರವೇಶದ ಕೊಠಡಿಯಲ್ಲಿದ್ದ ಹಿರಿಯ ಅಧ್ಯಾಪಕರು ಎರಡು ಪುಸ್ತಕಗಳ ಪರಿವಿಡಿಯನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು, ‘ನೋಡಪ್ಪ, ಒಂದು ಪಾಠವೂ ಹೊಂದುವುದಿಲ್ಲ’ ಎಂದು ಸಮಾಧಾನದಿಂದಲೇ ತೋರಿಸಿದರು. ಅಲ್ಲಿಗೆ ನನ್ನ ಆಸೆ ಮುಗಿಯಿತು.

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಆನ್‌ಲೈನ್ ಖಾತೆಯ ಬಗ್ಗೆ ನೀವು ವಿಶೇಷವಾಗಿ ಕೇಳಿದ್ದೀರಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ಜುಲೈನಲ್ಲಿ ಅದರ ನಿಯಮಾವಳಿಯನ್ನು ಪ್ರಕಟಿಸಿತು. ಗಳಿಸಿದ ಕ್ರೆಡಿಟ್‌ಗಳು ವಿದ್ಯಾರ್ಥಿಯ ಹೆಸರಿನಲ್ಲಿ ಹೆಚ್ಚೆಂದರೆ 7 ವರ್ಷ ಉಳಿಯುತ್ತವೆ, ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇಕಡಾ 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಇದು ಒಳ್ಳೆಯ ವ್ಯವಸ್ಥೆ ಎಂದೇ ನಾನು ನಂಬಿದ್ದೇನೆ. ಆದರೆ ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಅದು ಎಲ್ಲ ಪದವಿಗೂ ಸಲ್ಲುವುದಿಲ್ಲ. ಯಾವ ಪತ್ರಿಕೆ ಯಾವುದಕ್ಕೆ ಸಮ ಎಂಬುದನ್ನು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ, ಮತ್ತು ಭೌತಶಾಸ್ತ್ರದ ಪತ್ರಿಕೆಯನ್ನು ಅರ್ಥಶಾಸ್ತ್ರಕ್ಕೆ ಸಮ ಎಂದು ಯಾವ ಅಧ್ಯಯನ ಮಂಡಳಿಯೂ ಒಪ್ಪಲಾರದು. ಇದರ ಜೊತೆಗೆ ನಮ್ಮ ರಾಜ್ಯದಲ್ಲಿ ಪದವಿಯ ಚೌಕಟ್ಟೇ ಎರಡು ಸಲ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಎರಡು ಮುಖ್ಯ ವಿಷಯಗಳ, ನಾಲ್ಕನೆಯ ವರ್ಷಕ್ಕೂ ಅವಕಾಶವಿದ್ದ ಪದ್ಧತಿ ಬಂತು. 2024-25ರಿಂದ ಮತ್ತೆ ಮೂರು ವಿಷಯಗಳ, ಮೂರು ವರ್ಷದ ಪದವಿ ಬಂದಿದೆ. ನಿಮಗಿಂತ ಎರಡು ಮೂರು ವರ್ಷ ಹಿರಿಯರಾದ ಸ್ನೇಹಿತರು ‘ನಮಗೆ ಹೀಗೆ ಆಯಿತು’ ಎಂದು ಹೇಳುವುದು ನಿಮ್ಮ ಬ್ಯಾಚಿಗೆ ಅನ್ವಯಿಸದೇ ಇರಬಹುದು.

ಅರ್ಥಶಾಸ್ತ್ರಕ್ಕೆ ಹೋಗಲು ಬಿ.ಎ. ಒಂದೇ ದಾರಿಯಲ್ಲ ಎಂಬುದನ್ನೂ ಗಮನಿಸಿ. ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಸೇರಿದ ಬಿ.ಎಸ್ಸಿ. ಕೆಲವು ಕಾಲೇಜುಗಳಲ್ಲಿದೆ, ವಿದ್ಯಾರ್ಥಿಗಳು ಅದನ್ನು ಇ.ಎಂ.ಎಸ್. ಎನ್ನುತ್ತಾರೆ. ಗಣಿತ ಇಷ್ಟವಾಗಿದೆ, ಬೇಸರ ಬಂದಿರುವುದು ಪ್ರಯೋಗಾಲಯದ್ದು ಎಂದು ನೀವೇ ಬರೆದಿರುವುದರಿಂದ, ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಇದನ್ನೇ ವಿಚಾರಿಸುತ್ತಿದ್ದೆ. ಬೆಂಗಳೂರಿನ ಡಾ. ಬಿ. ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಕೂಡ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯವೇ, ಅದು ಇರುವುದೇ ಈ ವಿಷಯಕ್ಕಾಗಿ. ಯಾವ ದಾರಿ ಹಿಡಿದರೂ ಗಣಿತವನ್ನು ಮಾತ್ರ ಕೈಬಿಡಬೇಡಿ. ಸ್ನಾತಕೋತ್ತರ ಮಟ್ಟದ ಅರ್ಥಶಾಸ್ತ್ರದಲ್ಲಿ ಕಲನಶಾಸ್ತ್ರ ಮತ್ತು ಮಾತೃಕೆಗಳಿಲ್ಲದೆ ಒಂದು ಅಧ್ಯಾಯವೂ ಮುಂದೆ ಹೋಗುವುದಿಲ್ಲ. ಬಿ.ಎ. ಮಾಡಿ ಬಂದ ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಎಂ.ಎ. ಮೊದಲ ಸೆಮಿಸ್ಟರಿನಲ್ಲಿ ಕಷ್ಟಪಟ್ಟದ್ದು ಅಲ್ಲಿಯೇ. ವ್ಯರ್ಥವಾಯಿತು ಎಂದು ನಾನು ತಿಳಿದಿದ್ದ ಬಿ.ಎಸ್ಸಿ.ಯ ಒಂದು ವರ್ಷ ನನ್ನ ಕೈ ಹಿಡಿದದ್ದೂ ಅಲ್ಲಿಯೇ.

ನಾನು ಬಿಟ್ಟು ಬಂದ ಕಾರಣವನ್ನೂ ಹೇಳಬೇಕು, ಏಕೆಂದರೆ ನಿಮ್ಮ ಕಾರಣ ಎಷ್ಟು ಗಟ್ಟಿ ಎಂದು ನೀವೇ ಪರೀಕ್ಷಿಸಿಕೊಳ್ಳಲು ಅದು ನೆರವಾಗಬಹುದು. ನಮ್ಮದು ಅಡಿಕೆ ತೋಟದ ಮನೆ. ಮಂಡಿಯಿಂದ ಬರುವ ಪಟ್ಟಿಯನ್ನು ಅಪ್ಪ ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದರು: ರಾಶಿ ಇಷ್ಟು ಕ್ವಿಂಟಲ್, ಬೆಟ್ಟೆ ಇಷ್ಟು (ಇವೆರಡೂ ಅಡಿಕೆಯ ದರ್ಜೆಗಳು), ಧಾರಣೆ, ಹಮಾಲಿ, ಮುಂಗಡಕ್ಕೆ ವಜಾ. ಒಂದೇ ತೋಟದ ಮಾಲಿಗೆ ಎರಡು ವಾರದಲ್ಲಿ ಅಷ್ಟು ವ್ಯತ್ಯಾಸ ಏಕೆ ಬರುತ್ತದೆ, ಮುಂಗಡ ಪಡೆದವನು ಧಾರಣೆ ಏರುವವರೆಗೆ ಏಕೆ ಕಾಯಲಾರ ಎಂಬ ಪ್ರಶ್ನೆ ನನ್ನನ್ನು ಭೌತಶಾಸ್ತ್ರದ ತರಗತಿಯಲ್ಲೂ ಬಿಡುತ್ತಿರಲಿಲ್ಲ. ಕಾಲೇಜಿನ ವಾಚನಾಲಯದಲ್ಲಿ ಬಿ.ಎ. ವಿದ್ಯಾರ್ಥಿಗಳ ಪುಸ್ತಕ ಎತ್ತಿಕೊಂಡು ಬೇಡಿಕೆ ಮತ್ತು ಪೂರೈಕೆಯ ಅಧ್ಯಾಯವನ್ನು ನಿಂತೇ ಓದಿ ಮುಗಿಸಿದ ದಿನ ನನಗೆ ನಿರ್ಧಾರ ಸ್ಪಷ್ಟವಾಯಿತು. ಇಂಥದ್ದೇನಾದರೂ ನಿಮ್ಮೊಳಗೆ ಇದ್ದರೆ ಹೊರಡಿ. ನೀವು ಬರೆದಂತೆ ರಸಾಯನಶಾಸ್ತ್ರದಲ್ಲಿ ಒಂದು ಪತ್ರಿಕೆ ಪಾಸಾಗದೆ ಉಳಿದುಕೊಂಡಿದೆ ಎಂಬ ಬೇಸರ ಮಾತ್ರ ಕಾರಣವಾಗಿದ್ದರೆ ಒಂದು ಸೆಮಿಸ್ಟರ್ ತಾಳಿ ನೋಡಿ.

ಇನ್ನು ಕಾಗದಪತ್ರ. ಮೂಲ ಟಿ.ಸಿ.ಯನ್ನು (ವರ್ಗಾವಣೆ ಪ್ರಮಾಣಪತ್ರವನ್ನು) ಒಂದೇ ಸಲ ಕೊಡುತ್ತಾರೆ. ಒಮ್ಮೆ ಪಡೆದರೆ ಹಳೆಯ ಕಾಲೇಜಿನ ಹಾಜರಿ ಪುಸ್ತಕದಿಂದ ನಿಮ್ಮ ಹೆಸರು ಹೋಯಿತು ಎಂದೇ ಅರ್ಥ. ನಾನು ಉತ್ಸಾಹದಲ್ಲಿ ಜೂನ್ ಮೊದಲ ವಾರದಲ್ಲೇ ಟಿ.ಸಿ.ಗೆ ಅರ್ಜಿ ಕೊಟ್ಟೆ. ಅದಕ್ಕೆ ಮೊದಲು ‘ನೋ ಡ್ಯೂ’ (ಬಾಕಿ ಏನೂ ಇಲ್ಲ ಎಂಬ) ಪತ್ರಕ್ಕೆ ಗ್ರಂಥಾಲಯ, ಕ್ರೀಡಾ ವಿಭಾಗ, ಪ್ರಯೋಗಾಲಯಗಳ ಸಹಿ ಬೇಕಿತ್ತು. ರಸಾಯನಶಾಸ್ತ್ರ ಪ್ರಯೋಗಾಲಯದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಒಡೆದ ಬ್ಯುರೆಟ್ (ಗಾಜಿನ ಅಳತೆ ಕೊಳವೆ) ಒಂದರ ಬಾಕಿ ಇತ್ತು. ಆ ಹಣ ಕಟ್ಟಿಸಿಕೊಂಡು ಸಹಿ ಹಾಕಬೇಕಾದವರು ರಜೆಯಲ್ಲಿದ್ದರು, ಅವರ ಬದಲಿಗೆ ಸಹಿ ಹಾಕಲು ಬೇರೆ ಯಾರೂ ಒಪ್ಪಲಿಲ್ಲ. ಒಂಬತ್ತು ದಿನ ಹೋಯಿತು. ಟಿ.ಸಿ. ಕೈಗೆ ಬಂದ ಮೇಲೆ ಹಳೆಯ ವಿಶ್ವವಿದ್ಯಾಲಯದಿಂದ ಮೈಗ್ರೇಷನ್ ಸರ್ಟಿಫಿಕೇಟ್, ಅಂದರೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಲು ಒಪ್ಪಿಗೆಯ ಪತ್ರ, ಬೇಕಾಯಿತು. ಚಲನ್ ಕಟ್ಟಿ ಅರ್ಜಿ ಕೊಟ್ಟರೆ, ಎರಡನೆಯ ಸೆಮಿಸ್ಟರಿನ ಫಲಿತಾಂಶ ಬರದೆ ಕೊಡಲಾಗುವುದಿಲ್ಲ ಎಂದು ಹಿಂದಿರುಗಿಸಿದರು. ಅತ್ತ ಪ್ರವೇಶದ ಕೊನೆಯ ದಿನ ಹತ್ತಿರ ಬರುತ್ತಿತ್ತು, ಇತ್ತ ಹಳೆಯ ಕಾಲೇಜಿನಲ್ಲಿ ನಾನು ವಿದ್ಯಾರ್ಥಿಯೇ ಆಗಿರಲಿಲ್ಲ. ಆ ಮೂರು ವಾರ ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಕೊನೆಗೆ, ಮೈಗ್ರೇಷನ್ ಸರ್ಟಿಫಿಕೇಟನ್ನು ನಿಗದಿತ ದಿನದೊಳಗೆ ಒಪ್ಪಿಸುತ್ತೇನೆ ಎಂಬ ಮುಚ್ಚಳಿಕೆ ಬರೆಸಿಕೊಂಡು ಹೊಸ ಕಾಲೇಜಿನವರು ತಾತ್ಕಾಲಿಕ ಪ್ರವೇಶ ಕೊಟ್ಟರು. ಹಾಸ್ಟೆಲ್ ಅರ್ಜಿಯ ದಿನಾಂಕ ಅಷ್ಟರಲ್ಲಿ ಮುಗಿದಿತ್ತು. ಮೊದಲ ವರ್ಷವೆಲ್ಲ ಚಿಕ್ಕಮ್ಮನ ಮನೆಯಲ್ಲಿದ್ದು ಓದಿದೆ.

ಆದ್ದರಿಂದ ನೀವು ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಮೊದಲು ಹೋಗಬೇಕಾದ ಕಾಲೇಜಿಗೆ ಖುದ್ದಾಗಿ ಹೋಗಿ. ಮೈಸೂರಿನಲ್ಲಾದರೆ ಕಲಾ ವಿಷಯಗಳಿಗೆ ಮಹಾರಾಜ ಕಾಲೇಜು ವಿಶ್ವವಿದ್ಯಾಲಯದ್ದೇ ಘಟಕ ಕಾಲೇಜು, ವಿಶ್ವವಿದ್ಯಾಲಯದ ಆಡಳಿತ ಕಚೇರಿ ಕ್ರಾಫರ್ಡ್ ಹಾಲ್‌ನಲ್ಲಿದೆ. ಒಂದು ಬೆಳಗ್ಗೆ ಎರಡೂ ಕಡೆ ವಿಚಾರಿಸಿ ಬರಬಹುದು. ‘ಪಿಯುಸಿ ಅಂಕಗಳ ಆಧಾರದ ಮೇಲೆ ಮೊದಲನೆಯ ವರ್ಷಕ್ಕೆ ಸೇರುತ್ತಿದ್ದೇನೆ, ಆದರೆ ಈಗಾಗಲೇ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ನೋಂದಣಿಯಾಗಿದೆ’ ಎಂಬುದನ್ನು ಮುಚ್ಚಿಡದೆ ಹೇಳಿ. ಅದನ್ನು ಮುಚ್ಚಿಟ್ಟವರ ಪ್ರವೇಶ ಅನುಮೋದನೆಯ ಹಂತದಲ್ಲಿ ತಡೆಯಲ್ಲಿ ಕುಳಿತದ್ದನ್ನು ನಾನು ನೋಡಿದ್ದೇನೆ. ಸೀಟು ಖಚಿತವಾದ ಮೇಲೆಯೇ ಟಿ.ಸಿ.ಗೆ ಅರ್ಜಿ ಕೊಡಿ, ಆದರೆ ನೋ ಡ್ಯೂ ಸಹಿಗಳನ್ನು ಈಗಿನಿಂದಲೇ ಮಾಡಿಸಿಟ್ಟುಕೊಳ್ಳಿ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಗಳ ದಾಖಲೆ ಇಡುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಳೆಯ ಪ್ರವೇಶ ರದ್ದಾಗಿರುವುದು ದಾಖಲಾಗಿದೆಯೇ ಎಂದು ಕಾಲೇಜಿನ ಗುಮಾಸ್ತರ ಪಕ್ಕದಲ್ಲೇ ನಿಂತು ನೋಡಿ ಬನ್ನಿ.

ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನೆರವಿನಿಂದ ಸಿಗುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮದಲ್ಲಿ, ಮೊದಲೇ ಅನುಮತಿ ಪಡೆಯದೆ ವಿಷಯವನ್ನಾಗಲಿ ಸಂಸ್ಥೆಯನ್ನಾಗಲಿ ಬದಲಿಸಿದರೆ ವೇತನ ರದ್ದಾಗಬಹುದು ಎಂದಿದೆ. ವರ್ಷದ ನಡುವೆ ಓದು ನಿಲ್ಲಿಸಿದರೆ ಕೊಟ್ಟ ಹಣವನ್ನು ಮರಳಿ ಕೇಳುವ ಅಧಿಕಾರವೂ ಸರ್ಕಾರಕ್ಕಿದೆ. ಬೇರೆ ಯೋಜನೆಗಳಿಗೂ ಅವುಗಳದೇ ಷರತ್ತುಗಳಿರುತ್ತವೆ. ಕಾಲೇಜು ಬಿಡುವ ಮೊದಲೇ ವಿದ್ಯಾರ್ಥಿವೇತನ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಲಿಖಿತವಾಗಿ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ನಿಮ್ಮ ತಂದೆಯವರ ಮಾತಿನಲ್ಲಿಯೂ ಹುರುಳಿದೆ, ಅದನ್ನು ತಳ್ಳಿಹಾಕಬೇಡಿ. ಕೆ.ಎ.ಎಸ್. ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಕಾಲೇಜು ಅಧ್ಯಾಪಕರಾಗಬೇಕೆಂದರೆ ನೋಡುವುದು ಸ್ನಾತಕೋತ್ತರ ಪದವಿಯ ವಿಷಯವನ್ನು ಮತ್ತು ನೆಟ್ (ರಾಷ್ಟ್ರಮಟ್ಟದ) ಅಥವಾ ಕೆ-ಸೆಟ್ (ರಾಜ್ಯಮಟ್ಟದ) ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾಗಿರುವುದನ್ನು. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ಎಂ.ಎ. ಅರ್ಥಶಾಸ್ತ್ರಕ್ಕೆ ಯಾವ ವಿಷಯದ ಪದವೀಧರರಾದರೂ ಸೇರಬಹುದು. ಆದರೆ ನಮ್ಮ ರಾಜ್ಯದ ಹಲವು ವಿಶ್ವವಿದ್ಯಾಲಯಗಳು ಎಂ.ಎ.ಗೆ ಪದವಿಯಲ್ಲಿ ಆ ವಿಷಯ ಓದಿರಬೇಕು ಎನ್ನುತ್ತವೆ, ಪ್ರೌಢಶಾಲಾ ಶಿಕ್ಷಕರ ಹುದ್ದೆಗೂ ಪದವಿಯ ವಿಷಯಗಳೇ ಮುಖ್ಯ. ನಡುವಿನ ದಾರಿಯೊಂದಿದೆ. 2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಅನುಮತಿ ಕೊಟ್ಟಿದೆ. ಬಿ.ಎಸ್ಸಿ.ಯನ್ನು ಈಗಿರುವ ಕಾಲೇಜಿನಲ್ಲಿ ಮುಂದುವರಿಸಿ, ಅರ್ಥಶಾಸ್ತ್ರವಿರುವ ಬಿ.ಎ.ಯನ್ನು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ದೂರಶಿಕ್ಷಣದಲ್ಲಿ ಮಾಡಬಹುದು. ಪರೀಕ್ಷೆಯ ದಿನಗಳು ಒಂದರ ಮೇಲೊಂದು ಬೀಳುವ ಅಪಾಯವಿದೆ, ದುಡಿಮೆಯೂ ಎರಡರಷ್ಟು. ಆದರೂ ಮನೆಯವರನ್ನು ಒಪ್ಪಿಸಲಾಗದ ನನ್ನ ವಿದ್ಯಾರ್ಥಿನಿಯೊಬ್ಬಳು ಇದೇ ದಾರಿ ಹಿಡಿದು ಮೂರನೆಯ ವರ್ಷದಲ್ಲಿದ್ದಾಳೆ.

ಒಂದು ವರ್ಷ ಹೋಗುವ ಭಯದ ಬಗ್ಗೆ ನನ್ನ ಅನಿಸಿಕೆ ಇಷ್ಟು. ಎಂ.ಎ. ಸಂದರ್ಶನದಲ್ಲಿ ಒಮ್ಮೆ, ಕೆಲಸಕ್ಕೆ ಸೇರುವಾಗ ದಾಖಲೆ ಪರಿಶೀಲನೆಯಲ್ಲಿ ಒಮ್ಮೆ, ಒಟ್ಟು ಎರಡು ಸಲ ನನ್ನನ್ನು ಆ ವರ್ಷದ ಬಗ್ಗೆ ಕೇಳಿದ್ದಾರೆ. ಎರಡೂ ಸಲ ಬಿ.ಎಸ್ಸಿ. ಮೊದಲ ವರ್ಷದ ಅಂಕಪಟ್ಟಿಗಳನ್ನು ತೋರಿಸಿದೆ, ಪ್ರಶ್ನೆ ಅಲ್ಲಿಗೇ ಮುಗಿಯಿತು. ಆ ಅಂಕಪಟ್ಟಿಗಳು ನನ್ನ ಬಳಿ ಇದ್ದವು, ಏಕೆಂದರೆ ಹೇಗಿದ್ದರೂ ಬಿಡುವವನು ಎಂದುಕೊಳ್ಳದೆ ಎರಡನೆಯ ಸೆಮಿಸ್ಟರಿನ ಎಲ್ಲ ಪರೀಕ್ಷೆಗಳನ್ನೂ ಬರೆದಿದ್ದೆ. ನೀವೂ ಮುಂದಿನ ತಿಂಗಳ ಪರೀಕ್ಷೆಯನ್ನು, ಉಳಿದುಕೊಂಡಿರುವ ಆ ರಸಾಯನಶಾಸ್ತ್ರದ ಪತ್ರಿಕೆಯನ್ನೂ ಸೇರಿಸಿ, ತಪ್ಪದೆ ಬರೆಯಿರಿ. ಮೈಸೂರಿನಲ್ಲಿ ವಿಚಾರಿಸಿ ಬಂದ ಮೇಲೆ ಅಲ್ಲಿ ಏನು ಹೇಳಿದರೆಂದು ಇಲ್ಲಿಯೇ ಬರೆದರೆ, ಮುಂದಿನ ಅರ್ಜಿಯ ಒಕ್ಕಣೆಯನ್ನು ಇಬ್ಬರೂ ಕೂಡಿ ಸಿದ್ಧಪಡಿಸೋಣ.