ಓದುಗರ ಪ್ರಶ್ನೆಗೆ ಉತ್ತರ: ಮಾದರಿ ಹಾಯಿದೋಣಿಯನ್ನು ಎಷ್ಟರ ಮಟ್ಟಿಗೆ ತಿದ್ದಬಹುದು?

ಪ್ರಶ್ನೆ: ನಾವು ಆರು ಮಂದಿ ಸ್ನೇಹಿತರು ಒಂದೇ ತಯಾರಿಕೆಯ, 95 ಸೆಂಟಿಮೀಟರ್ ಉದ್ದದ ರಿಮೋಟ್ ಹಾಯಿದೋಣಿಗಳನ್ನು ಕೊಂಡು ಭಾನುವಾರ ಮಧ್ಯಾಹ್ನ ಕಡಲಗಾಳಿ ಏಳುವ ಹೊತ್ತಿಗೆ ಕಾಳಿ ನದಿಯ ಅಳಿವೆಯ ಒಳಭಾಗದಲ್ಲಿ ಸ್ಪರ್ಧೆ ನಡೆಸುತ್ತೇವೆ. ನಮ್ಮಲ್ಲೊಬ್ಬರು ಕೀಲಿನ (ಒಡಲಿನ ಅಡಿಯಿಂದ ನೀರಿನೊಳಗೆ ಇಳಿದಿರುವ ಹಲಗೆಯ) ಮುಂದಿನ ಅಂಚನ್ನು ಉಪ್ಪುಕಾಗದದಿಂದ ತೀಡಿ ತೆಳ್ಳಗೆ ಮಾಡಿಕೊಂಡಿದ್ದಾರೆ. ಕೇಳಿದರೆ, ‘ತೀಡಬಾರದೆಂದು ನಿಯಮದಲ್ಲಿ ಎಲ್ಲಿ ಬರೆದಿದೆ, ತೋರಿಸಿ’ ಎನ್ನುತ್ತಾರೆ. ನಾವು ಹುಡುಕಿದೆವು; ಅಂಥ ವಾಕ್ಯ ಸಿಗಲಿಲ್ಲ. ಅವರ ವಾದ ಸರಿಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಅಂಥ ವಾಕ್ಯ ಸಿಗದಿರುವುದು ಸಹಜ, ಏಕೆಂದರೆ ನೀವು ಹುಡುಕಬೇಕಾಗಿದ್ದದ್ದು ಅದನ್ನಲ್ಲ. ಹಾಯಿದೋಣಿ ಸ್ಪರ್ಧೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಸೇಲಿಂಗ್ ಪ್ರಕಟಿಸುವ ಸಲಕರಣೆ ನಿಯಮಾವಳಿಯು ವರ್ಗ ನಿಯಮಗಳಲ್ಲಿ, ಅಂದರೆ ಒಂದೊಂದು ಬಗೆಯ ದೋಣಿ ಹೇಗಿರಬೇಕೆಂದು ಹೇಳುವ ನಿಯಮಗಳಲ್ಲಿ, ಎರಡು ಬಗೆಗಳನ್ನು ಗುರುತಿಸುತ್ತದೆ. ತೆರೆದ ನಿಯಮಗಳಿರುವ ವರ್ಗದಲ್ಲಿ ಸ್ಪಷ್ಟವಾಗಿ ನಿಷೇಧಿಸದೆ ಇದ್ದದ್ದೆಲ್ಲವೂ ಸಲ್ಲುತ್ತದೆ; ಮುಚ್ಚಿದ ನಿಯಮಗಳಿರುವ ವರ್ಗದಲ್ಲಿ ಸ್ಪಷ್ಟವಾಗಿ ಅನುಮತಿಸದೆ ಇದ್ದದ್ದು ಯಾವುದೂ ಸಲ್ಲುವುದಿಲ್ಲ. ಎಲ್ಲರ ದೋಣಿಯೂ ಒಂದೇ ಅಚ್ಚಿನದಾಗಿರಬೇಕೆಂಬ ಏಕವಿನ್ಯಾಸ ವರ್ಗಗಳು ಸಾಮಾನ್ಯವಾಗಿ ಎರಡನೆಯ ಬಗೆಗೆ ಸೇರುತ್ತವೆ, ಮತ್ತು ಆ ಮಾತನ್ನು ನಿಯಮಪುಸ್ತಕದ ಮೊದಲ ಪುಟಗಳಲ್ಲಿಯೇ ಹೇಳಿರುತ್ತವೆ. ನಿಮ್ಮ ಪುಸ್ತಕದಲ್ಲಿಯೂ ಆ ಸಾಲು ಇದೆಯೇ ಎಂದು ಮೊದಲು ನೋಡಿ. ಇದ್ದರೆ, ತೀಡಬಹುದೆಂದು ಎಲ್ಲಿ ಬರೆದಿದೆ ಎಂದು ತೋರಿಸಬೇಕಾದವರು ನಿಮ್ಮ ಸ್ನೇಹಿತರೇ ಹೊರತು ನೀವಲ್ಲ.

ದೊಡ್ಡ ದೋಣಿಗಳಲ್ಲಿ ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ, ಬ್ರೂಸ್ ಕರ್ಬಿ ವಿನ್ಯಾಸಗೊಳಿಸಿದ ಲೇಸರ್. ಇಂದು ಐಎಲ್‌ಸಿಎ ಎಂಬ ಹೆಸರಿನಲ್ಲಿ ಒಲಿಂಪಿಕ್ಸ್‌ನಲ್ಲಿ ಓಡುವ ಆ ದೋಣಿಯ ಮೂಲ ನಿಯಮದ ಪ್ರಕಾರ ಪರೀಕ್ಷೆ ನಡೆಯಬೇಕಾದದ್ದು ಚುಕ್ಕಾಣಿ ಹಿಡಿದವರ ನಡುವೆಯೇ ಹೊರತು ದೋಣಿಗಳ ನಡುವೆ ಅಲ್ಲ. ಆದರೂ ಅದು ಉಪ್ಪುಕಾಗದವನ್ನು ಮುಟ್ಟಲೇಬಾರದು ಎನ್ನುವುದಿಲ್ಲ: ಒಡಲನ್ನು ನುಣುಪು ಮಾಡುವುದಕ್ಕಾಗಿ ನಯವಾದ ಕಾಗದದಿಂದ ನೀರು ಹಾಕಿ ತಿಕ್ಕಬಹುದು, ಮೇಣ ಹಚ್ಚಬಹುದು, ಆದರೆ ಉದ್ದೇಶವೂ ಪರಿಣಾಮವೂ ಹೊಳಪು ಕೊಡುವುದಷ್ಟೇ ಆಗಿರಬೇಕು, ತೂಕ ಇಳಿಸುವುದಾಗಲಿ ಆಕಾರವನ್ನು ಮೂಲಕ್ಕಿಂತ ಉತ್ತಮಪಡಿಸುವುದಾಗಲಿ ಆಗಬಾರದು. ಆ ನಿಯಮ ಬರೆದವರು ‘ಉದ್ದೇಶ’ದ ಜೊತೆಗೆ ‘ಪರಿಣಾಮ’ ಎಂಬ ಶಬ್ದವನ್ನೂ ಇಟ್ಟಿರುವುದು ಬಹಳ ಜಾಣತನದ ಕೆಲಸವೆಂದು ನನಗೆ ತೋರುತ್ತದೆ, ಏಕೆಂದರೆ ಕೆಟ್ಟ ಉದ್ದೇಶವಿತ್ತೆಂದು ಒಪ್ಪಿಕೊಂಡ ಸ್ಪರ್ಧಿಯನ್ನು ನಾನು ಇದುವರೆಗೆ ಕಂಡಿಲ್ಲ.

ಮಾದರಿ ದೋಣಿಯಲ್ಲಿ ಈ ಕಟ್ಟುನಿಟ್ಟು ಇನ್ನೂ ಹೆಚ್ಚು ಬೇಕು. ಸುಮಾರು 59 ಕಿಲೋ ತೂಗುವ ಲೇಸರ್ ಒಡಲಿನಲ್ಲಿ ನೂರಕ್ಕೆ ಒಂದು ಪಾಲೆಂದರೆ ಅರ್ಧ ಕಿಲೋಗಿಂತ ಹೆಚ್ಚಾಯಿತು. ಅಷ್ಟನ್ನು ಕದ್ದು ಕೆರೆಯುವುದು ಸುಲಭವಲ್ಲ. ಎರಡು ಕಿಲೋ ತೂಗುವ ಮಾದರಿಯಲ್ಲಿ ಅದೇ ಪಾಲೆಂದರೆ 20 ಗ್ರಾಂ. ಅಷ್ಟು ಕಡಿಮೆ ಮಾಡಲು ಬೇರೆ ಬ್ಯಾಟರಿ ಇಟ್ಟರೂ ಸಾಕು.

ಇನ್ನೊಂದು ಮಾತನ್ನು ನಿಮ್ಮ ಸ್ನೇಹಿತರಿಗೆ ಮೆಲ್ಲಗೆ ತಿಳಿಸಿ. ಮುಂದಿನ ಅಂಚನ್ನು ಚೂಪು ಮಾಡಿದರೆ ದೋಣಿ ವೇಗವಾಗಿ ಹೋಗುತ್ತದೆಂಬುದು ಕತ್ತಿಯನ್ನು ನೋಡಿ ಬಂದ ಕಲ್ಪನೆ. ಕೀಲು ನೀರನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ರೆಕ್ಕೆಯಂತೆ ಕೆಲಸ ಮಾಡಿ ದೋಣಿ ಅಡ್ಡಕ್ಕೆ ಜಾರದಂತೆ ತಡೆಯುತ್ತದೆ, ಮತ್ತು ರೆಕ್ಕೆಯ ಮುಂದಂಚು ದುಂಡಗಿದ್ದಷ್ಟೂ ಓರೆಯಾಗಿ ಬರುವ ನೀರಿಗೆ ಅದು ಹೊಂದಿಕೊಳ್ಳುತ್ತದೆ. ದಿಕ್ಕು ಬದಲಿಸಿ ವೇಗ ಕಳೆದುಕೊಂಡ ಕ್ಷಣದಲ್ಲಿ ಚೂಪು ಅಂಚಿನ ಕೀಲು ಬೇಗ ಹಿಡಿತ ಬಿಟ್ಟು, ದೋಣಿ ಅಡ್ಡಕ್ಕೆ ಸರಿಯುತ್ತದೆ. ಇದನ್ನು ನಾನು ಪುಸ್ತಕಕ್ಕಿಂತ ಮೊದಲು ನನ್ನದೇ ದೋಣಿಯ ಚುಕ್ಕಾಣಿಯನ್ನು ಹೀಗೆ ಹಾಳು ಮಾಡಿಕೊಂಡು ಕಲಿತೆ. ಆದರೂ, ತಿದ್ದುಪಡಿಯಿಂದ ಲಾಭವಾಗಲಿಲ್ಲ ಎಂಬುದು ಮುಚ್ಚಿದ ನಿಯಮದಲ್ಲಿ ಸಮರ್ಥನೆಯಾಗುವುದಿಲ್ಲ. ಅವರು ಹೊಸ ಕೀಲು ತರಿಸಬೇಕು.

ಪ್ರಶ್ನೆ: ನನ್ನದು ಇಂಟರ್‌ನ್ಯಾಷನಲ್ ಒನ್ ಮೀಟರ್ ವರ್ಗದ ದೋಣಿ. ಶಿರಸಿಯ ಕೋಟೆಕೆರೆಯಲ್ಲಿ ಕೂರುವುದಕ್ಕಿಂತ ಕಾರವಾರದ ಉಪ್ಪುನೀರಿನಲ್ಲಿ ಅದು ತುಸು ಮೇಲೆ ತೇಲುತ್ತದೆ. ಅಲ್ಲಿ ಸ್ಪರ್ಧಿಸುವ ದಿನ ಮಾತ್ರ ಒಳಗೆ ಸೀಸದ ತುಂಡನ್ನು ಇಟ್ಟು ಸರಿದೂಗಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ. ನಾಲ್ಕು ಕಿಲೋ ತೂಕದ ದೋಣಿ ಸಿಹಿನೀರಿನಲ್ಲಿ ನಾಲ್ಕು ಲೀಟರ್ ನೀರನ್ನು ಸರಿಸಿದರೆ, ಎರಡೂವರೆ ಪ್ರತಿಶತದಷ್ಟು ಹೆಚ್ಚು ಸಾಂದ್ರವಾದ ಸಮುದ್ರದ ನೀರಿನಲ್ಲಿ ಸುಮಾರು 3.9 ಲೀಟರ್ ಸರಿಸಿದರೆ ಸಾಕಾಗುತ್ತದೆ. ಆ 100 ಮಿಲಿಲೀಟರ್ ವ್ಯತ್ಯಾಸ ಇಡೀ ಒಡಲಿನ ಮೇಲೆ ಹರಡಿದಾಗ ಎತ್ತರದಲ್ಲಿ ಒಂದು ಮಿಲಿಮೀಟರಿನ ಆಸುಪಾಸಿನದು. ಅಳಿವೆಯ ನೀರು ಮಳೆಗಾಲದಲ್ಲಿ ಬಹುತೇಕ ಸಿಹಿಯಾಗಿ, ಬೇಸಿಗೆಯ ಭರತದಲ್ಲಿ ಉಪ್ಪಾಗಿ ಬದಲಾಗುವುದರಿಂದ ನೀವು ಸೀಸದ ತುಂಡುಗಳ ಡಬ್ಬಿಯನ್ನೇ ಹೊತ್ತು ತಿರುಗಬೇಕಾದೀತು. ನಿಮ್ಮ ವರ್ಗದ ಕನಿಷ್ಠ ತೂಕವಾದ 4000 ಗ್ರಾಂ ತಕ್ಕಡಿಯಲ್ಲಿ ನೋಡುವಂಥದು; ತಕ್ಕಡಿಗೆ ನೀರಿನ ಉಪ್ಪು ಗೊತ್ತಾಗುವುದಿಲ್ಲ. ತೂಕ ಸರಿಪಡಿಸಲು ಸೀಸ ಇಡುವುದಿದ್ದರೆ ಅದನ್ನು ಭದ್ರವಾಗಿ ಅಂಟಿಸಿ ಅಲ್ಲಿಯೇ ಬಿಡಬೇಕು. ದೋಣಿಯ ಸಮತೋಲ ಬದಲಿಸುವುದಕ್ಕಾಗಿ ಭಾರವನ್ನು ಸ್ಥಳಾಂತರಿಸುವುದನ್ನು ವರ್ಲ್ಡ್ ಸೇಲಿಂಗ್‌ನ ಸ್ಪರ್ಧಾ ನಿಯಮಗಳ 51ನೆಯ ನಿಯಮವೂ ತಡೆಯುತ್ತದೆ.

ಕಾರವಾರದ ಪ್ರಶ್ನೆಗೆ ಕೊಟ್ಟ ಉತ್ತರ ನಿಮಗೆ ಹಾಗೆಯೇ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನಿಸಿ. ನಿಮ್ಮ ವರ್ಗದಲ್ಲಿ ಮೂರು ಅಳತೆಯ ಹಾಯಿಗಳು ಎಲ್ಲರಿಗೂ ಒಂದೇ. ಆದರೆ ಒಡಲಿನ ಆಕಾರವನ್ನು ಗರಿಷ್ಠ 1000 ಮಿಲಿಮೀಟರ್ ಉದ್ದದಂಥ ಮಿತಿಗಳೊಳಗೆ ವಿನ್ಯಾಸಕಾರರು ಸ್ವತಂತ್ರವಾಗಿ ರೂಪಿಸಬಹುದು. ಕೀಲು ಸೀಸದ ಗುಂಡಿನೊಡನೆ 2200ರಿಂದ 2500 ಗ್ರಾಂ ಇದ್ದರಾಯಿತು. ಕಾರವಾರದವರು ತೀಡಿದರೆ ತಪ್ಪಾಗುವ ಕೀಲನ್ನು ನೀವು ಈ ಮಿತಿಯೊಳಗೆ ನಿಮ್ಮ ಅಂಗಳದಲ್ಲಿಯೇ ಹೊಸದಾಗಿ ಮಾಡಿಕೊಳ್ಳಬಹುದು.

ಪ್ರಶ್ನೆ: ನನ್ನ ಏಕವಿನ್ಯಾಸ ದೋಣಿ ಬಂಡೆಗೆ ಬಡಿದು, ಕೀಲು ಕೂರುವ ಜಾಗದಲ್ಲಿ ಒಡಲು ಸೀಳಿತು. ಒಳಗಿನಿಂದ ಕಾರ್ಬನ್ ಬಟ್ಟೆ ಇಟ್ಟು ಇಪಾಕ್ಸಿ ಹಚ್ಚಿದೆ. ಇದು ದುರಸ್ತಿಯೇ, ತಿದ್ದುಪಡಿಯೇ?
– ಓದುಗರೊಬ್ಬರು, ಕುಮಟಾ

ಉತ್ತರ: ಇದ್ದದ್ದನ್ನು ಇದ್ದ ಹಾಗೆ ಮಾಡುವುದು ದುರಸ್ತಿ. ನೀವು ಸೀಳನ್ನು ಮುಚ್ಚಿದ್ದು ದುರಸ್ತಿ, ಆದರೆ ಮೊದಲಿಗಿಂತ ಗಟ್ಟಿಯಾದ ಬಟ್ಟೆ ಇಟ್ಟಿದ್ದರಿಂದ ಆ ಭಾಗ ಹೊಸದಾಗಿದ್ದಾಗ ಬಾಗುತ್ತಿದ್ದಷ್ಟು ಈಗ ಬಾಗುವುದಿಲ್ಲ, ಅಲ್ಲಿಗೆ ಅದು ತಿದ್ದುಪಡಿಯಾಯಿತು. ತೆಳುವಾದ ಗಾಜಿನ ನಾರಿನ ಬಟ್ಟೆಯನ್ನು ಬಳಸಿದ್ದರೆ ನಾನು ತಕರಾರು ಮಾಡುತ್ತಿರಲಿಲ್ಲ. ಶಿರಸಿಯವರ ಒನ್ ಮೀಟರ್ ವರ್ಗದಲ್ಲಂತೂ ಒಡಲಿಗೆ ಕಾರ್ಬನ್ ನಾರನ್ನು ಬಳಸುವಂತೆಯೇ ಇಲ್ಲ.

ನಿಮಗೆ ಸಮಾಧಾನ ಕೊಡುವ ಒಂದು ಅಂಶವೂ ಇದೆ. ಪೆಟ್ಟಿನಿಂದಲೋ ಸಹಜ ಸವೆತದಿಂದಲೋ ದೋಣಿಯ ಅಳತೆ ನಿಯಮದ ಮಿತಿಯನ್ನು ಮೀರಿದ್ದು, ಅದರಿಂದ ದೋಣಿಯ ಓಟ ಉತ್ತಮಗೊಂಡಿಲ್ಲವೆಂದು ಕಂಡುಬಂದರೆ, ಆ ಸುತ್ತಿನ ಸ್ಪರ್ಧೆಗೆ ದಂಡ ವಿಧಿಸಬಾರದೆಂದು ಸ್ಪರ್ಧಾ ನಿಯಮಗಳೇ ಹೇಳುತ್ತವೆ. ಆದರೆ ಸರಿಪಡಿಸಲು ತಕ್ಕ ಅವಕಾಶವಿದ್ದಾಗ ಸರಿಪಡಿಸದೆ ಮತ್ತೆ ನೀರಿಗಿಳಿಯುವಂತಿಲ್ಲ. ದೋಣಿ ನಿಯಮಕ್ಕೆ ತಕ್ಕಂತಿದೆಯೇ ಎಂದು ನೋಡಿಕೊಳ್ಳುವ ಹೊಣೆ ಸಂಘಟಕರದಲ್ಲ, ದೋಣಿಯ ಒಡೆಯರದು.

ಪ್ರಶ್ನೆ: ಚುಕ್ಕಾಣಿಯ ಸರ್ವೋಗೆ (ಅದನ್ನು ತಿರುಗಿಸುವ ಪುಟ್ಟ ಮೋಟಾರಿಗೆ) ಗೈರೋ (ದೋಣಿ ತಿರುಗುವುದನ್ನು ಗ್ರಹಿಸುವ ಸಾಧನ) ಜೋಡಿಸಿದರೆ ದೋಣಿ ತಾನಾಗಿಯೇ ನೇರ ಹೋಗುತ್ತದಂತೆ. ನಮ್ಮ ಏಕವಿನ್ಯಾಸ ವರ್ಗದಲ್ಲಿ ಬಳಸಬಹುದೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ನಿಮ್ಮದು ಮುಚ್ಚಿದ ನಿಯಮದ ವರ್ಗವಾಗಿದ್ದು ಪುಸ್ತಕದಲ್ಲಿ ಅನುಮತಿ ಇಲ್ಲದಿದ್ದರೆ ಬಳಸುವಂತಿಲ್ಲ.

ಪ್ರಶ್ನೆ: ಮೂಲ ಹಾಯಿಹಗ್ಗ ಬೇಗ ಹಾಳಾಗುತ್ತದೆ. ಗಾಳದ ತಂಗೂಸು ಇಲ್ಲಿ ಎಲ್ಲ ಅಂಗಡಿಯಲ್ಲಿಯೂ ಸಿಗುತ್ತದೆ. ನಮ್ಮ ಊರಿನ ಸ್ಪರ್ಧೆಗೆ ಮಾತ್ರ ನಿಯಮ ಸಡಿಲಿಸಬಹುದಲ್ಲವೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಮೊದಲು ಪುಸ್ತಕ ನೋಡಿ, ಹಗ್ಗ, ಕೊಂಡಿಗಳಂಥ ಸಣ್ಣ ಸಾಮಾನುಗಳ ಬದಲಾವಣೆಗೆ ಏಕವಿನ್ಯಾಸ ವರ್ಗಗಳಲ್ಲಿಯೂ ಅನುಮತಿ ಇರುವುದುಂಟು. ಅನುಮತಿ ಇದ್ದರೂ ತಂಗೂಸು ನನ್ನ ಆಯ್ಕೆಯಲ್ಲ: ಎಳೆದಾಗ ಹಿಗ್ಗುವುದರಿಂದ, ಬಿರುಗಾಳಿ ಬಂದಾಗಲೇ ಹಾಯಿ ಸಡಿಲವಾಗುತ್ತದೆ. ಅದೇ ಅಂಗಡಿಯಲ್ಲಿ ಸಿಗುವ ಹೆಣೆದ ಗಾಳದ ದಾರ ಅಷ್ಟು ಹಿಗ್ಗುವುದಿಲ್ಲ.

ಸಡಿಲಿಸುವ ವಿಷಯ ಬೇರೆ. ಸ್ಪರ್ಧಾ ನಿಯಮಗಳ 87ನೆಯ ನಿಯಮದಂತೆ, ವರ್ಗ ನಿಯಮವೇ ಅವಕಾಶ ಕೊಟ್ಟಿದ್ದರೆ ಅಥವಾ ವರ್ಗದ ಸಂಘ ಲಿಖಿತ ಒಪ್ಪಿಗೆ ಕೊಟ್ಟು ಅದನ್ನು ಸೂಚನಾ ಫಲಕದಲ್ಲಿ ಹಾಕಿದ್ದರೆ ಮಾತ್ರ ಸಂಘಟಕರು ವರ್ಗ ನಿಯಮವನ್ನು ಬದಲಿಸಬಹುದು. ಅದು ಬೇಡವೆನಿಸಿದರೆ ನಿಮ್ಮದೇ ಅಂಕೋಲಾ ವರ್ಗವೊಂದನ್ನು ಮಾಡಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದನ್ನು ಮೂಲ ವರ್ಗದ ಹೆಸರಿನಿಂದ ಕರೆಯಬೇಡಿ, ಅಷ್ಟೇ. ಬದಲಾವಣೆಗಳನ್ನು ಒಂದು ಹಾಳೆಯಲ್ಲಿ ದಿನಾಂಕ ಸಹಿತ ಬರೆದು ಎಲ್ಲರೂ ಸಹಿ ಹಾಕಿ, ಕೈ ಮುಟ್ಟಿಸದ ಒಂದು ಕೀಲು ಮತ್ತು ಒಂದು ಚುಕ್ಕಾಣಿಯನ್ನು ಹೋಲಿಸಿ ನೋಡುವುದಕ್ಕಾಗಿ ಸ್ಪರ್ಧಿಸದ ಒಬ್ಬರ ಮನೆಯಲ್ಲಿ ಇಡಿಸಿ.