ಸೊಳ್ಳೆಪರದೆಯ ಬಲೆಗೆ ಡಾಫ್ನಿಯಾ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಗಪ್ಪಿ ಮತ್ತು ಫೈಟರ್ ಮೀನು ಸಾಕಿದ್ದೇನೆ. ಅವಕ್ಕೆ ತಿನ್ನಿಸಲು ಹಳೆ ಸೊಳ್ಳೆಪರದೆಯಲ್ಲಿ ಬಲೆ ಹೊಲಿದು ತೋಟದ ಹೊಂಡದಲ್ಲಿ ಎಳೆದರೆ ಸೊಳ್ಳೆ ಮರಿ ಸಿಗುತ್ತವೆ. ನೀರಲ್ಲಿ ಕುಪ್ಪಳಿಸುವ ಸಣ್ಣ ಹುಳ ಡಾಫ್ನಿಯಾ (ನೀರಿನ ಚಿಗಟ) ಕಂಡರೂ ಬಲೆಯಲ್ಲಿ ನಿಲ್ಲುವುದಿಲ್ಲ. ಎಂಥ ಬಲೆ ಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಪರದೆಯ ಕಣ್ಣು 1 ಮಿ.ಮೀ.ಗೂ ಜಾಸ್ತಿ ಇರುತ್ತದೆ. ಬಲಿತ ಸೊಳ್ಳೆ ಮರಿ ಉದ್ದಕ್ಕಿರುವುದರಿಂದ ಅಡ್ಡ ಸಿಕ್ಕಿಕೊಳ್ಳುತ್ತದೆ. ಡಾಫ್ನಿಯಾ ಸಾಮಾನ್ಯವಾಗಿ 2-3 ಮಿ.ಮೀ., ಮರಿಗಳು 1 ಮಿ.ಮೀ. ಕೂಡ ಇರುವುದಿಲ್ಲ. ಅವು ಸಲೀಸಾಗಿ ಜಾರಿಹೋಗುತ್ತವೆ.

ನಿಮಗೆ ಸುಮಾರು 0.25 ಮಿ.ಮೀ. ಕಣ್ಣಿನ ಬಟ್ಟೆ ಬೇಕು. ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ಚೌಕಟ್ಟಿಗೆ ಬಿಗಿಯುತ್ತಾರಲ್ಲ, ಆ ಪಾಲಿಯೆಸ್ಟರ್ ಜಾಲರಿಯಲ್ಲಿ ಸೆಂ.ಮೀ.ಗೆ 25 ಎಳೆ ಇರುವುದನ್ನು ಕೇಳಿ. ಹಾಸನದಲ್ಲಿ ನಾನು ಬಳಸುವ ಬಲೆ ಮಾತ್ರ ಮನೆಯವಳ ಹಳೆ ನೈಲಾನ್ ಸೀರೆಯ ಸೆರಗು. (ಕೇಳಿಯೇ ಕತ್ತರಿಸಿದ್ದು!) ಹತ್ತಿ ಬಟ್ಟೆ ಬೇಡವೇ ಬೇಡ. ಅದು ನೆನೆದರೆ ಎಳೆ ಉಬ್ಬಿ ನೀರೇ ಇಳಿಯುವುದಿಲ್ಲ. ಯಾವ ಬಟ್ಟೆಯಾದರೂ ಮೊದಲು ನಲ್ಲಿಯಡಿ ಹಿಡಿದು ನೋಡಿ.

8 ಇಂಚಿನ ತಂತಿ ಬಳೆಗೆ 16 ಇಂಚು ಆಳದ ಚೀಲ ಹೊಲಿಯಿರಿ. ತಳ ಗುಂಡಗಿರಲಿ. ಮೂಲೆ ಇದ್ದರೆ ಹುಳಗಳು ಅಲ್ಲಿ ಸೇರಿ ಜಜ್ಜಿಹೋಗುತ್ತವೆ. ಕಣ್ಣು ಸಣ್ಣದಾದಷ್ಟೂ ಕೈ ನಿಧಾನವಾಗಬೇಕು. ರಭಸವಾಗಿ ಎಳೆದರೆ ಬಲೆಯ ಬಾಯಲ್ಲಿ ನೀರು ಕಟ್ಟಿಕೊಂಡು ಡಾಫ್ನಿಯಾವನ್ನು ಪಕ್ಕಕ್ಕೆ ತಳ್ಳುತ್ತದೆ. ತಳದ ಕೆಸರು ಮುಟ್ಟದೆ, 8 ಬರೆದ ಹಾಗೆ ಆಡಿಸಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋದರೆ ಅವು ಮೇಲೆಯೇ ಇರುತ್ತವೆ. ಬಲೆಯನ್ನು ಬಕೆಟ್ ನೀರಲ್ಲೇ ಒಳಮಗ್ಗಲು ಮಾಡಿ ಬಿಡಿ, ಗಾಳಿಯಲ್ಲಿ ಎತ್ತಿ ಹಿಡಿಯಬೇಡಿ.

ತೋಟದ ಹೊಂಡ ಅಂದಿದ್ದೀರಿ, ಅದೇ ನನಗೆ ಚಿಂತೆ. ಮಳೆಗಾಲಕ್ಕೆ ಮುಂಚೆ ಕಾಫಿಗೆ, ಅಡಿಕೆಗೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುತ್ತೀರಿ, ಅಲ್ವಾ? ಅದರ ಮೈಲುತುತ್ತದಲ್ಲಿ ತಾಮ್ರವಿದೆ. ಇಳಿಜಾರಿನ ನೀರು ಹೊಂಡ ಸೇರಿದರೆ ಡಾಫ್ನಿಯಾ ಸಾಯುತ್ತವೆ. ಅಂಥ ನೀರಿನ ಹುಳ ಮೀನಿಗೂ ಒಳ್ಳೆಯದಲ್ಲ. ಸಿಂಪಡಣೆಯ ಸಮಯದಲ್ಲಿ ಮನೆ ಹಿಂದೆ ತೊಟ್ಟಿಯಲ್ಲೇ ಡಾಫ್ನಿಯಾ ಬೆಳೆಸಿಕೊಳ್ಳಿ. ಮೀನಿರುವ ಕೆರೆಯ ತಂಟೆಗೂ ಹೋಗಬೇಡಿ, ಮೀನು ಹೇನು ಮನೆಗೆ ಬರುತ್ತದೆ.

ತಂದದ್ದನ್ನು ಬಿಳಿ ತಟ್ಟೆಗೆ ಸುರಿದು ಏರೋಪ್ಲೇನ್ ಚಿಟ್ಟೆಯ ಮರಿ ಇದ್ದರೆ ಆರಿಸಿ ತೆಗೆಯಿರಿ. ಅದು ಗಪ್ಪಿ ಮರಿಗಳನ್ನೇ ತಿನ್ನುತ್ತದೆ. ಉಳಿದ ಸೊಳ್ಳೆ ಮರಿಯ ಬಕೆಟ್ಟಿಗೆ ನಿಮ್ಮ ಆ ಹಳೆ ಪರದೆಯನ್ನೇ ಬಿಗಿಯಾಗಿ ಕಟ್ಟಿಡಿ.