ಸಂಪಾದಕರ ಉತ್ತರ: ಸಿಟ್ಟು ಬಂದಿತ್ತು ಸರಿ, ಶಿಕ್ಷೆ ಯಾಕೆ ಇಳೀಬೇಕು?

ಅಮೆರಿಕದ ಕೆಲವು ರಾಜ್ಯಗಳು ಕೊಲೆ ಮೊಕದ್ದಮೆಗಳಲ್ಲಿ 'ಗೇ ಪ್ಯಾನಿಕ್', 'ಟ್ರಾನ್ಸ್ ಪ್ಯಾನಿಕ್' ವಾದಕ್ಕೆ, ಅಂದರೆ ಎದುರಿನವರು ಸಲಿಂಗಿ ಅಥವಾ ಟ್ರಾನ್ಸ್‌ಜೆಂಡರ್ ಅಂತ ಗೊತ್ತಾದ ಆಘಾತಕ್ಕೆ ಹತೋಟಿ ತಪ್ಪಿ ಕೊಂದೆ ಎಂಬ ವಾದಕ್ಕೆ, ತಡೆ ಹಾಕಿದ ಬಗ್ಗೆ ಕಳೆದ ಸಂಚಿಕೆಯಲ್ಲಿ ಸಣ್ಣ ಟಿಪ್ಪಣಿ ಹಾಕಿದ್ದೆವು. ಅದನ್ನು ಓದಿ ಹಾಸನದಿಂದ ಹಿರಿಯ ವಕೀಲರೊಬ್ಬರು ಪತ್ರ ಬರೆದಿದ್ದಾರೆ. ಪತ್ರ ಉದ್ದ ಇದೆ, ಸಾರ ಇಷ್ಟು: "ಆರೋಪಿ ಎಂಥವನೇ ಆಗಲಿ, ತನ್ನ ಪರವಾಗಿ ಹೇಳಿಕೊಳ್ಳುವ ಹಕ್ಕು ಅವನಿಗಿದೆ. ಅವನ ಬಾಯಿ ಮುಚ್ಚಿಸೋದು ಯಾವ ನ್ಯಾಯ? ಮೋಸ ಹೋದವನಿಗೆ ಸಿಟ್ಟು ಬರೋದು ಸಹಜ ಅಲ್ವಾ? ಅಂಥ ವಾದವನ್ನು ಒಪ್ಪಬೇಕೋ ಬೇಡವೋ ಅಂತ ನ್ಯಾಯಾಧೀಶರು ನೋಡಿಕೊಳ್ಳುತ್ತಾರೆ, ಅದಕ್ಕೊಂದು ಕಾನೂನು ಯಾಕೆ? ಅಷ್ಟಕ್ಕೂ ಇದೆಲ್ಲ ನಮಗ್ಯಾಕೆ?"

ವಕೀಲರೇ, ಬಾಯಿ ಮುಚ್ಚಿಸುವ ಮಾತಿನಿಂದಲೇ ಶುರು ಮಾಡೋಣ. ಇಂಥ ಕಾನೂನನ್ನು ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2014ರಲ್ಲಿ. ಸತ್ತವರು ಸಲಿಂಗಿ ಅಂತಲೋ ಟ್ರಾನ್ಸ್‌ಜೆಂಡರ್ ಅಂತಲೋ ಗೊತ್ತಾಗಿ ಕೆರಳಿದೆ ಎಂದು ಆರೋಪಿ ಹೇಳಿದರೆ, 'ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಕೆರಳುತ್ತಿದ್ದರು' ಅಂತ ಒಪ್ಪಬಾರದು ಎನ್ನುತ್ತದೆ ಅದು. ಸತ್ತವರು ಬಲವಂತ ಮಾಡದೆ ಸುಮ್ನೆ ತಮ್ಮ ಆಸೆ ಹೇಳಿಕೊಂಡಿದ್ದರೂ ಅಷ್ಟೇ. ಬಲವಂತ ಮಾಡಿದ್ದರೆ ಮಾತು ಬೇರೆ. ಆತ್ಮರಕ್ಷಣೆಯ ಹಕ್ಕನ್ನು ಯಾರೂ ಮುಟ್ಟಿಲ್ಲ. ಅದೇ ಕಲಮಿನಲ್ಲಿ ಮುಂದೆ ಇನ್ನೊಂದು ಮಾತಿದೆ: ಆರೋಪಿ ನಿಜವಾಗಿ ಕೆರಳಿದ್ದನೇ ಎಂದು ತಿಳಿಯಲು ಜ್ಯೂರಿಯವರು (ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರು) ಎಲ್ಲ ಸಂಗತಿಗಳನ್ನೂ ನೋಡಬಹುದು. ಅಂದರೆ ಅವನು ಹೇಳಿಕೊಳ್ಳಬಹುದು, ಅವರು ಕೇಳಬಹುದು. ಅದರಿಂದ ಮೊದಲ ದರ್ಜೆಯ ಕೊಲೆ, ಅಂದರೆ ಮೊದಲೇ ಯೋಚಿಸಿ ಮಾಡಿದ್ದು, ಎರಡನೇ ದರ್ಜೆಗೆ ಇಳಿಯಲೂಬಹುದು. ಆದರೆ ಆ ಕಾರಣ ಕೊಟ್ಟು ಅದಕ್ಕಿಂತ ಕೆಳಗೆ, 'ಕೊಲೆಯಲ್ಲದ ನರಹತ್ಯೆ'ಗೆ ಇಳಿಯುವ ಹಾಗಿಲ್ಲ.

ಜಗಳ ಇರೋದೇ ಆ ಕೊನೆಯ ಮೆಟ್ಟಿಲಿನಲ್ಲಿ. ಅಲ್ಲಿ ಎರಡನೇ ದರ್ಜೆಯ ಕೊಲೆಗೆ ಕನಿಷ್ಠ 15 ವರ್ಷ, ಜೀವಾವಧಿ ತನಕ. ಕೆರಳಿ ಮಾಡಿದ ನರಹತ್ಯೆಗೆ 3, 6 ಅಥವಾ 11 ವರ್ಷ.

ಗ್ವೆನ್ ಅರೌಹೊ ಎಂಬ ಹುಡುಗಿಯ ಪ್ರಕರಣ ನೋಡಿ. ಕ್ಯಾಲಿಫೋರ್ನಿಯಾದ ನ್ಯೂವಾರ್ಕ್ ಎಂಬ ಊರು, 2002ರ ಅಕ್ಟೋಬರ್. ಗ್ವೆನ್‌ಗೆ 17 ವರ್ಷ. ಹುಟ್ಟಿದಾಗ ಗಂಡು ಅಂತ ಬರೆಸಿದ್ದರು, ಬದುಕುತ್ತಿದ್ದದ್ದು ಹುಡುಗಿಯಾಗಿ. ಪರಿಚಯದ ಹುಡುಗರ ಮನೆಯಲ್ಲಿ ಪಾರ್ಟಿ ಇತ್ತು. ಅವಳ ದೇಹದ ವಿಷಯ ಅಲ್ಲಿ ಬಯಲಾಯಿತು. ಹೊಡೆದರು, ಬಡಿದರು, ಕುತ್ತಿಗೆ ಬಿಗಿದರು. ಹೆಣವನ್ನು ದೂರದ ಬೆಟ್ಟದ ತಪ್ಪಲಿಗೆ ಒಯ್ದು ಹೂತರು. ಕೋರ್ಟಿನಲ್ಲಿ ವಕೀಲರು ಹೇಳಿದ್ದು, ಗೊತ್ತಾದ ಆಘಾತಕ್ಕೆ ಹುಡುಗರು ಹತೋಟಿ ತಪ್ಪಿದರು ಅಂತ. ಆದರೆ ಅವರಿಗೆ ಅನುಮಾನ ಬಂದಿದ್ದೇ ಕೆಲವು ದಿನ ಮೊದಲು, ಅದರ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಂಡೂ ಇದ್ದರು ಎಂದು ವಿಚಾರಣೆಯಲ್ಲಿ ಸಾಕ್ಷ್ಯ ಬಂತು. 2004ರ ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತವೇ ಬರಲಿಲ್ಲ. 2005ರಲ್ಲಿ ಮತ್ತೆ ನಡೆಯಿತು. ಇಬ್ಬರ ಮೇಲೆ ಎರಡನೇ ದರ್ಜೆಯ ಕೊಲೆ ಸಾಬೀತಾಯಿತು, ದ್ವೇಷದ ಅಪರಾಧ ಅನ್ನೋದನ್ನು ಜ್ಯೂರಿ ಒಪ್ಪಲಿಲ್ಲ. ಉಳಿದಿಬ್ಬರಿಗೆ ನರಹತ್ಯೆಯ ಶಿಕ್ಷೆ: ಒಬ್ಬನಿಗೆ 11 ವರ್ಷ, ಒಬ್ಬನಿಗೆ 6. ಈ ನಡುವೆ, 2004ರಲ್ಲಿ, ಅವಳ ತಾಯಿ ಕೋರ್ಟಿಗೆ ಅರ್ಜಿ ಹಾಕಿ ಮಗಳ ಹೆಸರನ್ನು ಕಾನೂನು ಪ್ರಕಾರ ಗ್ವೆನ್ ಎಂದು ಬದಲಾಯಿಸಿದರು. ಮಗಳು ಸತ್ತು ಒಂದೂವರೆ ವರ್ಷದ ಮೇಲಾಗಿತ್ತು.

ನೀವು 'ಮೋಸ ಹೋದವನು' ಅಂತ ಬರೆದಿದ್ದೀರಿ. ಹುಡುಗಿಯಾಗಿ ಬದುಕುತ್ತಿದ್ದವಳು ತಾನು ಹುಡುಗಿ ಅಂದರೆ ಅದನ್ನು ಮೋಸ ಅನ್ನೋಕೆ ನನಗೆ ಮನಸ್ಸು ಬರಲ್ಲ. ವಾದಕ್ಕೆ ಮೋಸ ಅಂತಲೇ ಇಟ್ಟುಕೊಳ್ಳೋಣ. ಸೈಟು ಖರೀದಿಯಲ್ಲಿ ಮೋಸ ಹೋದವರನ್ನು ನೀವು ಆಫೀಸಿನಲ್ಲಿ ಎಷ್ಟು ಜನರನ್ನು ನೋಡಿಲ್ಲ! ಜೀವಮಾನದ ಉಳಿತಾಯ ಕಳಕೊಂಡವರು. ಅವರಲ್ಲೊಬ್ಬ ಹೋಗಿ ಸೈಟು ಮಾರಿದವನನ್ನು ಕೊಂದು ಬಂದರೆ, 'ಯಾರಿದ್ದರೂ ಹೀಗೇ ಮಾಡುತ್ತಿದ್ದರು' ಅಂತ ನೀವು ವಾದ ಮಾಡುತ್ತೀರಾ? ಸಿಟ್ಟು ಸಹಜ ಅನ್ನೋದು ಒಂದು. ಆ ಸಿಟ್ಟಿಗೆ ಹೆಣ ಬೀಳೋದೂ ಸಹಜ ಅನ್ನೋದು ಬೇರೆ.

ಇನ್ನು, ನ್ಯಾಯಾಧೀಶರು ನೋಡಿಕೊಳ್ಳುತ್ತಾರೆ ಅನ್ನೋ ಮಾತು. ನೋಡಿಕೊಂಡದ್ದೂ ಇದೆ. 1998ರಲ್ಲಿ ವಯೋಮಿಂಗ್ ರಾಜ್ಯದ ಲ್ಯಾರಮಿಯಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ವಿದ್ಯಾರ್ಥಿಯನ್ನು ಹೊಡೆದು ಬೇಲಿಗೆ ಕಟ್ಟಿ ಬಿಟ್ಟುಹೋದರು, ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಮರುವರ್ಷದ ವಿಚಾರಣೆಯಲ್ಲಿ ಆರೋಪಿಯ ಕಡೆಯವರು ಗೇ ಪ್ಯಾನಿಕ್ ವಾದ ಎತ್ತಿದಾಗ ನ್ಯಾಯಾಧೀಶರು ಅದಕ್ಕೆ ಅವಕಾಶ ಕೊಡಲಿಲ್ಲ. ಯಾವ ವಿಶೇಷ ಕಾನೂನೂ ಬೇಕಾಗಲಿಲ್ಲ. ಗ್ವೆನ್ ಪ್ರಕರಣದಲ್ಲಿ ಅದೇ ಬಗೆಯ ವಾದ ಜ್ಯೂರಿಯ ಮುಂದೆ ವಾರಗಟ್ಟಲೆ ನಡೆಯಿತು. ಸತ್ತವರ ಪಾಡು ಯಾವ ನ್ಯಾಯಾಧೀಶರ ಮುಂದೆ ಫೈಲು ಬಂತು ಅನ್ನೋದರ ಮೇಲೆ ನಿಲ್ಲಬಾರದು. 2013ರಲ್ಲಿ ಅಮೆರಿಕದ ವಕೀಲರ ಸಂಘ, ಅಂದರೆ ನಿಮ್ಮ ವೃತ್ತಿಬಾಂಧವರೇ, ಇಂಥ ಕಾನೂನು ತನ್ನಿ ಎಂದು ನಿರ್ಣಯ ಮಾಡಿದರು. ಆಮೇಲೆ ಸುಮಾರು 20 ರಾಜ್ಯಗಳು ತಂದಿವೆ. ಟೆಕ್ಸಸ್ ತಂದಿಲ್ಲ. ಅಲ್ಲಿನ ಆಸ್ಟಿನ್‌ನಲ್ಲಿ ಒಬ್ಬಾತ, ಪಕ್ಕದ ಮನೆಯವನು ಮುತ್ತಿಡಲು ಬಂದ ಎಂದು ಹೇಳಿ ಅವನನ್ನು ಇರಿದು ಕೊಂದಿದ್ದ. 2018ರಲ್ಲಿ ಅವನಿಗೆ ಸಿಕ್ಕಿದ್ದು 6 ತಿಂಗಳು ಜೈಲು, 10 ವರ್ಷ ಪ್ರೊಬೇಷನ್ (ಜೈಲಿನ ಹೊರಗೆ, ಕೋರ್ಟಿನ ನಿಗಾದಲ್ಲಿ).

ಆದರೆ ಆಸ್ಟಿನ್‌ನ ಆ ಆರೋಪಿ ಹೇಳಿಕೊಂಡದ್ದು ಆತ್ಮರಕ್ಷಣೆ ಅಂತ. ಮೇಲೆ ಹೇಳಿದೆನಲ್ಲ, ಆ ಹಕ್ಕನ್ನು ಕ್ಯಾಲಿಫೋರ್ನಿಯಾ ಕೂಡ ಮುಟ್ಟಿಲ್ಲ. ಹಾಗಾಗಿ ಈ ಕಾನೂನು ಬಂದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲಾರೆ. ಜಾಣ ವಕೀಲನಿಗೆ ಅದೇ ಕಥೆಯನ್ನು ಬೇರೆ ಹೆಸರಿನಲ್ಲಿ ಹೇಳೋದು ಕಷ್ಟ ಅಲ್ಲ. ಜ್ಯೂರಿಯ ಕೋಣೆಯೊಳಗೆ ಕೂತವರ ಮನಸ್ಸಿಗೆ ಯಾವ ಕಲಮೂ ಬೀಗ ಹಾಕಲ್ಲ.

ಕೊನೆಯದು, ಇದೆಲ್ಲ ನಮಗ್ಯಾಕೆ ಅಂತ. ನಮ್ಮ ಭಾರತೀಯ ನ್ಯಾಯ ಸಂಹಿತೆಯ ಕಲಂ 101ರ ಮೊದಲ ವಿನಾಯಿತಿಯನ್ನು ನಾನು ನಿಮಗೆ ಹೇಳಿಕೊಡಬೇಕಿಲ್ಲ. ಗಂಭೀರ ಮತ್ತು ಹಠಾತ್ ಪ್ರಚೋದನೆಯಿಂದ ಹತೋಟಿ ತಪ್ಪಿ ಕೊಂದರೆ ಅದು ಕೊಲೆ ಅನ್ನಿಸಿಕೊಳ್ಳಲ್ಲ, ಕೊಲೆಯಲ್ಲದ ನರಹತ್ಯೆ ಆಗುತ್ತೆ. ಹಳೆಯ ದಂಡ ಸಂಹಿತೆ ಐಪಿಸಿಯ ಕಲಂ 300ರಲ್ಲಿ ಇದ್ದದ್ದೇ ಇಲ್ಲಿಗೂ ಬಂದಿದೆ. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಇದಕ್ಕೊಂದು ಅಳತೆ ಕೊಟ್ಟಿತು: ಆರೋಪಿ ಇರುವ ಸಮಾಜದ ವರ್ಗಕ್ಕೇ ಸೇರಿದ ವಿವೇಕವಂತ ಮನುಷ್ಯ ಆ ಸಂದರ್ಭದಲ್ಲಿ ಹತೋಟಿ ತಪ್ಪುತ್ತಿದ್ದನೇ? ನಮ್ಮಲ್ಲಿ ಈಗ ಜ್ಯೂರಿ ಇಲ್ಲ, ಆ ಮನುಷ್ಯನನ್ನು ನ್ಯಾಯಾಧೀಶರೇ ಊಹಿಸಿಕೊಳ್ಳಬೇಕು. ಮಂಗಳಮುಖಿಯರನ್ನು ಕಂಡರೆ ಕಾರಿನ ಗಾಜು ಏರಿಸೋ ಸಮಾಜದಿಂದ ಆ 'ವಿವೇಕವಂತ'ನನ್ನು ಆರಿಸಿದರೆ ಅವನು ಎಂಥವನಾಗಿರುತ್ತಾನೆ, ನೀವೇ ಹೇಳಿ.

ಆ ವಿನಾಯಿತಿಗೆ ಈಗಾಗಲೇ ಮೂರು ಷರತ್ತುಗಳಿವೆ. ಕೊಲ್ಲಲು ನೆಪ ಬೇಕೆಂದು ತಾನೇ ಕೆಣಕಿ ತಂದುಕೊಂಡ ಪ್ರಚೋದನೆ ನಡೆಯಲ್ಲ. ಕಾನೂನು ಪಾಲಿಸಿದ್ದರಿಂದಲೋ ಸರ್ಕಾರಿ ನೌಕರ ತನ್ನ ಅಧಿಕಾರ ಚಲಾಯಿಸಿದ್ದರಿಂದಲೋ ಬಂದದ್ದು ನಡೆಯಲ್ಲ. ಇನ್ನೊಬ್ಬರು ತಮ್ಮ ರಕ್ಷಣೆಯ ಹಕ್ಕು ಬಳಸಿದ್ದರಿಂದ ಬಂದದ್ದೂ ನಡೆಯಲ್ಲ. 'ಇಂಥಿಂಥ ಸಿಟ್ಟಿಗೆ ರಿಯಾಯಿತಿ ಇಲ್ಲ' ಎಂದು ನಮ್ಮ ಕಾನೂನು ಮೊದಲಿನಿಂದ ಹೇಳಿಕೊಂಡೇ ಬಂದಿದೆ, ಅದರಿಂದ ಯಾವ ಆರೋಪಿಯ ಬಾಯಿಯೂ ಮುಚ್ಚಿಲ್ಲ. ನಾಲ್ಕನೆಯದಕ್ಕೆ ಅಲ್ಲಿ ಜಾಗ ಇದೆ ಅಂತ ನನ್ನ ಅನಿಸಿಕೆ. ಅದರ ಭಾಷೆ ಹೇಗಿರಬೇಕು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಒಪ್ಪಿಗೆ ಇಲ್ಲದಿದ್ದರೂ ಒಂದು ಕರಡು ಬರೆದು ಕಳಿಸಿ, ನಿಮ್ಮ ಆಕ್ಷೇಪದ ಜೊತೆಗೇ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂ.